ಹಸಿರು ಕುರಿಗಳ ಪಾಲು

ಅಪ್ಪ ಮೈಲಪ್ಪನಿಗೂ ಚಿಗಪ್ಪ ಗುರುಬಸವರಾಜನಿಗೂ ಕುರಿಗಳ ಪಾಲಾಯಿತು. ಇಬ್ಬರೂ ಕುರಿಯ ಹಿಂದೆ ನಡೆದು ವರ್ಷಗಳೇ ಆಗಿದ್ದವು. ಎಂಟನೇ ತರಗತಿಗೆ ಶಾಲೆ ಬಿಟ್ಟು ಅವನ್ನು ಕಾಯುತ್ತಿದ್ದವಳು ನಾನು. ಹಾಗಾಗಿ ನನ್ನೊಬ್ಬಳನ್ನು ಬಿಟ್ಟು ತಂಬ್ರಹಳ್ಳಿಯ ಹಿರಿಯರನ್ನೆಲ್ಲ ಕೇಳಿ ಪಾಲು ಮಾಡಿದರು.

ಗುರುತಿಗೆ ಅಪ್ಪ ಹಳದಿ ಹಿಡಿದ, ಮೈಲಾರಲಿಂಗನ ಭಂಡಾರದ ಬಣ್ಣವೆಂದು.

"ದೇವರು ನಿನಗೊಬ್ಬಗ ಅದಾನೇನಣ್ಣಾ?" ಎಂದು ಗೊಣಗಿದ ಚಿಗಪ್ಪ ನೀಲಿ ಹಿಡಿದ.

ಬಣ್ಣದ ಪುಡಿಯನ್ನು ನೀರಲ್ಲಿ ಕಲಸಿ ಮೈತುಂಬ ಬಳಿದರು. ಪಾಲು ಎದ್ದು ಕಾಣಬೇಕಲ್ಲ! ತಾಯಿಕುರಿ ಸತ್ತಾಗ ಆಡಿನ ಹಾಲು ಕುಡಿಸಿ ನಾನು ಸಾಕಿದ್ದ ಮರಿ ಚುಕ್ಕಿಗೆ ನೀಲಿ ಬಿತ್ತು. ಚಿಗಪ್ಪ ತನ್ನ ಪಾಲನ್ನೆಲ್ಲ ಕಟುಕರಿಗೆ ಮಾರುವವನಿದ್ದ. ಮರುದಿನ ಮಧ್ಯಾಹ್ನ ಗಾಡಿ ಬರುವುದಿತ್ತು. ಚುಕ್ಕಿಯನ್ನು ಬಿಡಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಹಿರಿಯರು ಎಲ್ಲವನ್ನೂ ಯೋಚಿಸಿದ್ದರು, ಹಟ್ಟಿಗೆ ಸುತ್ತುವ ಬಲೆಯೊಂದನ್ನು ಬಿಟ್ಟು. ಇದ್ದದ್ದು ಒಂದೇ ಬಲೆ. "ಇನ್ನೊಂದು ಬಲಿ ನಾನ್ಯಾಕ ತರ್ಲಿ?" ಎಂಬ ಮಾತಿನಲ್ಲಿ ಮಾತ್ರ ಅಣ್ಣ ತಮ್ಮ ಒಂದಾದರು. ಹಸಿ ಬಣ್ಣದ ಕುರಿಗಳು ಒಂದೇ ಬಲೆಯೊಳಗೆ ಒತ್ತಿಕೊಂಡು ಮಲಗಿದವು. ಸಣ್ಣ ತುಂತುರೂ ಬಿತ್ತು.

ಬೆಳಿಗ್ಗೆ ನೋಡಿದರೆ ಎಲ್ಲ ಕುರಿಯೂ ಹಸಿರು.

ಚಿಗವ್ವನ ತಮ್ಮ ಅರುಣ್ ಕುಮಾರ್ ಬಿಎಸ್ಸಿ ಓದಿದವನು. "ಹಳದಿ, ನೀಲಿ ಕೂಡಿದ್ರ ಬಿಳಿ ಆಗ್ಬೇಕ್ರಿ!" ಎಂದು ಕುರಿಗಳ ಮೇಲೆ ಸಿಟ್ಟಾದ. ಹೊಟ್ಟಿನ ಕೋಣೆಯ ಕತ್ತಲಲ್ಲಿ ಒಂದು ಮೊಬೈಲ್ ಟಾರ್ಚಿಗೆ ಹಳದಿ, ಇನ್ನೊಂದಕ್ಕೆ ನೀಲಿ ಬಣ್ಣದ ತೆಳು ಹಾಳೆ ಸುತ್ತಿ ಗೋಡೆಗೆ ಬಿಟ್ಟ. ಎರಡು ಬೆಳಕೂ ಕೂಡಿದ ಕಡೆ ನಿಜಕ್ಕೂ ಬೆಳ್ಳಗಾಯಿತು.

"ಬಾಳ ಚಲೋ ಆತು," ಎಂದ ಚಿಗಪ್ಪ. "ಗ್ವಾಡಿ ಮಾರ್ತೀನಿ ಬಿಡು."

ಅರುಣ್ ಕುಮಾರ್ ಬೆವರೊರೆಸಿಕೊಂಡ. "ಅದು ಬೆಳಕು ಮಾವಾ, ಒಂದಕ್ಕೊಂದು ಸೇರ್ತೈತಿ. ಇದು ಪುಡಿ, ಬೆಳಕನ್ನ ನುಂಗ್ತೈತಿ. ಹಳದಿ ಪುಡಿ ನೀಲಿ ಬೆಳಕು ನುಂಗ್ತೈತಿ, ನೀಲಿ ಪುಡಿ ಕೆಂಪು ನುಂಗ್ತೈತಿ. ಎರಡೂ ನುಂಗದ ಉಳದ ಹಸಿರು ನಮ್ಮ ಕಣ್ಣಿಗೆ ಬರ್ತೈತಿ."

ಅಜ್ಜಿ ಗಾದೆಮ್ಮ ಕಟ್ಟೆಯ ಮೇಲಿಂದಲೇ ನಕ್ಕಳು. "ಅಣ್ಣ ಒಂದು ಕಡಿ ನುಂಗ್ಯಾನ, ತಮ್ಮ ಒಂದು ಕಡಿ ನುಂಗ್ಯಾನ. ಅದಕ್ಕ ಬಿಎಸ್ಸಿ ಬೇಕೇನಲೇ?"

ಅಷ್ಟರಲ್ಲಿ ಗಾಡಿ ಬಂತು. ಗಾಡಿಯವ ಹಾರ್ನ್ ಒತ್ತತೊಡಗಿದ. ಆಗ ಅಜ್ಜಿ ನನ್ನ ಕಡೆ ಕೈ ತೋರಿಸಿದಳು.

"ದಿನಾ ಕಾಯೋ ಹುಡುಗಿ ಇಲ್ಲೇ ಅದಾಳ. ಮುಖ ನೋಡಿ ಹೇಳ್ತಾಳ, ಕೇಳ್ರಿ."

ಅದುವರೆಗೂ ನಾನು ಅಲ್ಲೇ ನಿಂತಿದ್ದೆ. ಕಂಬಕ್ಕಿಂತ ಸ್ವಲ್ಪ ತೆಳ್ಳಗಿದ್ದುದರಿಂದ ಯಾರಿಗೂ ಕಂಡಿರಲಿಲ್ಲ. ತಲೆ ತಗ್ಗಿಸಿಯೇ ಒಂದೊಂದನ್ನೂ ಕಿವಿ ಹಿಡಿದು ಬೇರೆ ಮಾಡಿದೆ. ಚುಕ್ಕಿಯನ್ನು ಅಪ್ಪನ ಕಡೆ ಎಳೆದೆ. ಅದರ ಬದಲಿಗೆ ಅಪ್ಪನದೊಂದು ಮುದಿ ಕುರಿಯನ್ನು ಆ ಕಡೆ ಬಿಟ್ಟೆ.

"ಏ, ಆ ಮರಿ ನೀಲಿ ಇತ್ತಲ್ಲ?" ಎಂದ ಚಿಗಪ್ಪ.

ನಾನು ಚುಕ್ಕಿಯ ಕಿವಿ ಬಿಡಲಿಲ್ಲ. "ಹಳದಿ ಇತ್ತು ಚಿಗಪ್ಪಾ."

ಚಿಗಪ್ಪ ಬಗ್ಗಿ ಚುಕ್ಕಿಯ ಬೆನ್ನನ್ನು ನೋಡಿದ, ಉಜ್ಜಿ ನೋಡಿದ, ಬೆರಳನ್ನೂ ನೋಡಿಕೊಂಡ. ಹಸಿರು. ಅರುಣ್ ಕುಮಾರನ ಮುಖ ನೋಡಿದ. ಅವನು ಪ್ರಾಮಾಣಿಕ: "ಇದ್ರೊಳಗ ಹಳದಿನೂ ಐತಿ ಮಾವಾ," ಎಂದ.

ಅಪ್ಪ ಏನೋ ಹೇಳಲು ಬಾಯಿ ತೆರೆದ. ಅಜ್ಜಿ ಕೆಮ್ಮಿದಳು. ಅಪ್ಪ ಬಾಯಿ ಮುಚ್ಚಿದ.

ಗಾಡಿ ಹೋಯಿತು. ಚುಕ್ಕಿ ನನ್ನ ಲಂಗಕ್ಕೆ ಮೈ ಉಜ್ಜಿತು, ಲಂಗವೂ ಹಸಿರಾಯಿತು.