ಐದನೇ ಡೈರೆಕ್ಟರ್

ಡೈರೆಕ್ಟರುಗಳ ಗುರುತಿನ ಖಾತ್ರಿ ಸೆಪ್ಟೆಂಬರ್ ಮೂವತ್ತರ ಒಳಗೆ ಮಾಡಿಸಿದರೆ ಸರ್ಕಾರಕ್ಕೆ ಒಂದು ಪೈಸೆ ಕಟ್ಟಬೇಕಿಲ್ಲ. ಆಡಿಟರ್ ಆಫೀಸಿನವರು ತಲೆಗೆ ಮುನ್ನೂರು ಇಟ್ಟುಕೊಳ್ಳುತ್ತಾರೆ, ಅಷ್ಟೇ. ಒಂದು ದಿನ ತಪ್ಪಿತೋ, ತಲೆಗೆ ಐದು ಸಾವಿರ ದಂಡ. ಐದು ಜನ ಡೈರೆಕ್ಟರುಗಳಿಗೆ ಇಪ್ಪತ್ತೈದು ಸಾವಿರ. ಮೊಳಕಾಲ್ಮೂರಿನಲ್ಲಿ ಒಂದು ರೇಷ್ಮೆ ಸೀರೆ ನೇಯ್ದರೆ ಕೈಗೆ ಬರುವ ಕೂಲಿ ಮೂರೂವರೆ ಸಾವಿರ, ಅದಕ್ಕೂ ಎಂಟು ದಿನ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರಬೇಕು. ಏಳು ಸೀರೆಯ ಕೂಲಿ ಬರೀ ದಂಡಕ್ಕೆ ಹೋಗುತ್ತದೆಂದು ಯರ್ರಮ್ಮ ವಾರದಿಂದ ಕಂಡ ಹೆಂಗಸರಿಗೆಲ್ಲ ಹೇಳುತ್ತ ಬಂದಿದ್ದಳು.

ಕಂಪನಿ ಅಂದರೆ ದೊಡ್ಡ ಕಟ್ಟಡವೇನಲ್ಲ. ಯರ್ರಮ್ಮನ ಮನೆಯ ಮುಂದಿನ ಅಂಕಣ, ಎರಡು ಮಗ್ಗ, ಒಂದು ಬೀರು, ಗೋಡೆಯ ಮೇಲೆ ಕಟ್ಟು ಹಾಕಿಸಿದ ನೋಂದಣಿ ಪತ್ರ. ಸಾಹುಕಾರರು ಹೇಳಿದ ರೇಟಿಗೆ ಸೀರೆ ಕೊಟ್ಟು ಬರುವುದು ಸಾಕಾಗಿ, ನಾವೇ ಮಾರೋಣವೆಂದು ಮೂವತ್ತಾರು ನೇಕಾರ ಹೆಂಗಸರು ಸೇರಿ ನಾಲ್ಕು ವರ್ಷದ ಹಿಂದೆ ಕಟ್ಟಿಕೊಂಡದ್ದು. ಡೈರೆಕ್ಟರುಗಳು ಐದು ಜನಕ್ಕಿಂತ ಕಡಿಮೆ ಇರಬಾರದೆಂದು ಕಾನೂನು. ಯರ್ರಮ್ಮನೂ ಸೇರಿ ಸ್ವಂತ ಮಗ್ಗದ ನಾಲ್ವರು ಸಿಕ್ಕರು. ಐದನೆಯವಳಾಗಿ ಕುಲ್ಸುಮ್ ಬೀಯ ಹೆಸರು ಹಾಕಿಸಿದ್ದು ಯರ್ರಮ್ಮನೇ. ಕುಲ್ಸುಮ್ ಬೀಗೆ ಮಗ್ಗವಿರಲಿಲ್ಲ. ಮಗ್ಗದವರಿಗೆ ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತಿಕೊಡುವುದು ಅವಳ ಕೆಲಸ. ಗಂಡ ಸತ್ತು ಹನ್ನೆರಡು ವರ್ಷ. ಮಗಳು ಇರ್ಫಾನಾ ಗಂಡನನ್ನು ಬಿಟ್ಟು ಎರಡು ಮಕ್ಕಳೊಂದಿಗೆ ಬಂದು ಸೇರಿದ್ದಳು. ಕೂಲಿಯವಳೊಬ್ಬಳು ಇದ್ದರೆ ಅರ್ಜಿ ಚೆನ್ನಾಗಿ ಕಾಣುತ್ತದೆ ಎಂದು ಯಾರೋ ಹೇಳಿದ್ದರು. ಕುಲ್ಸುಮ್ ಬೀ ನಗುತ್ತ ರುಜು ಹಾಕಿದ್ದಳು. ಅವಳಿಗೆ ಯರ್ರಮ್ಮನ ಮಾತೆಂದರೆ ಮಾತು.

ಅಲ್ಲಿಂದ ವರ್ಷಕ್ಕೊಮ್ಮೆ ಈ ಐವರೂ, ತಾವು ತಾವೇ ಹೌದೆಂದು ಸರ್ಕಾರಕ್ಕೆ ತೋರಿಸಿಕೊಡಬೇಕು. ಚಳ್ಳಕೆರೆಯ ಆಡಿಟರ್ ಆಫೀಸಿನ ಪ್ರದೀಪ ಕಂಪ್ಯೂಟರಿನಲ್ಲಿ ಹೆಸರು ಹೊಡೆಯುತ್ತಾನೆ, ಇವರ ಫೋನಿಗೆ ಆರು ಅಂಕಿಯ ನಂಬರು ಬೀಳುತ್ತದೆ, ಅದನ್ನು ಓದಿ ಹೇಳಿದರೆ ಮುಗಿಯಿತು.

ಈ ಸಲ ಇಪ್ಪತ್ತೊಂಬತ್ತನೇ ತಾರೀಖಿಗೆ ನಾಲ್ವರದು ಆಗಿತ್ತು. ಬೆಂಗಳೂರಿನ ಅಂಗಡಿಯೊಂದು ಅರವತ್ತು ಸೀರೆ ಕೇಳಿತ್ತು. ನೂಲಿಗೆ ಬ್ಯಾಂಕಿನವರು ಸಾಲ ಕೊಡುತ್ತೇವೆಂದಿದ್ದರು, ಐವರ ಹೆಸರೂ ಚಾಲ್ತಿಯಲ್ಲಿದ್ದರೆ ಮಾತ್ರ. ಯರ್ರಮ್ಮ ಫೋನು ಹಿಡಿದು ಕುಲ್ಸುಮ್ ಬೀಯ ಬಾಗಿಲಿಗೇ ಹೋದಳು.

"ಹೋದ ವರ್ಷ ನಾನೇ ಆಗಿದ್ದೆ. ಈ ವರ್ಷ ಬ್ಯಾರೆ ಯಾರಾನ ಆಗ್ಬಿಟ್ಟಿದ್ದೀನಾ?" ಎಂದಳು ಕುಲ್ಸುಮ್ ಬೀ, ರಾಟೆಯಿಂದ ಕೈ ತೆಗೆಯದೆ.

"ಆಗಿದ್ರೆ ಒಳ್ಳೇದೇ ಆಗ್ತಿತ್ತು, ಸ್ವಲ್ಪ ಬೇಗ ಬೇಗ ಸುತ್ತೋಳು ಸಿಗ್ತಿದ್ಲು. ಫೋನ್ ಎಲ್ಲೈತೆ ಕುಲ್ಸುಮಕ್ಕ?"

ಕುಲ್ಸುಮ್ ಬೀ ನಗಲಿಲ್ಲ. ರಾಟೆ ನಿಲ್ಲಿಸಿದಳು. "ತಂಗೀ, ಈ ಸಲ ನನ್ನ ಬಿಟ್ಬಿಡು. ರೇಷನ್ ಅಂಗ್ಡೀಲಿ ಮಾತಾಡ್ತಿದ್ರು. ಕಂಪ್ನಿ ಇರೋರ ಹೆಸ್ರು ತಾಳೆ ನೋಡ್ತವ್ರಂತೆ. ನಂದು ಅಂತ್ಯೋದಯ ಕಾರ್ಡು. ನಾಕು ಬಾಯಿ ಐತೆ ಮನ್ಯಾಗೆ."

"ಅಯ್ಯೋ, ಅದು ಕಾರು ಬಂಗ್ಲೆ ಇರೋರಿಗೆ. ನಮ್ದು ಎಂಥ ಕಂಪ್ನಿ? ನಿನ್ನ ಯಾರ್ ಕೇಳ್ತಾರೆ?"

"ಕೇಳಿದ್ರೆ?"

"ನಾನಿಲ್ವಾ?"

ಹಾಗೆಂದು ಯರ್ರಮ್ಮ ಗೂಡಿನಲ್ಲಿದ್ದ ಗುಂಡಿ ಫೋನನ್ನು ತಾನೇ ತೆಗೆದುಕೊಂಡಳು. ಅವಳದೇ ಫೋನಿನಲ್ಲಿ ಅತ್ತಲಿಂದ ಪ್ರದೀಪ, "ಅಕ್ಕಾ, ಬಿತ್ತಾ? ಹತ್ತೇ ನಿಮಿಷ ಇರೋದು," ಎಂದು ಅವಸರ ಮಾಡುತ್ತಿದ್ದ. ಕುಲ್ಸುಮ್ ಬೀ ಕೈ ಚಾಚಿದಳು, ಕೊಡು ಎನ್ನುವಂತೆ. ಯರ್ರಮ್ಮ ಬೆಳಕಿಗೆಂದು ಬಾಗಿಲ ಕಡೆ ತಿರುಗಿ ಆರೂ ಅಂಕಿಯನ್ನು ಗಟ್ಟಿಯಾಗಿ ಓದಿದಳು. ಅವಳಿಗೆ ಮೋಸದ ಬುದ್ಧಿ ಇರಲಿಲ್ಲ. ಅವಳ ಗಂಡ ಮಾರುತೇಶ ಸರ್ಕಾರಿ ಹೈಸ್ಕೂಲಿನಲ್ಲಿ ಅಟೆಂಡರ್. ಅವಳ ಮನೆಯಲ್ಲಿ ರೇಷನ್ ಅಕ್ಕಿ ಬೇಯಿಸಿ ಎಷ್ಟೋ ವರ್ಷವಾಗಿತ್ತು. ಉಳಿದ ಮೂವರೂ ಹಾಗೇ, ಉಂಡುಟ್ಟುಕೊಂಡಿದ್ದವರು. ಆ ಕಾರ್ಡು ಹೋದರೆ ಏನು ಹೋಗುತ್ತದೆಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ.

ಎರಡು ತಿಂಗಳಾದ ಮೇಲೆ ನ್ಯಾಯಬೆಲೆ ಅಂಗಡಿಯ ಗೋಡೆಗೆ ಪಟ್ಟಿ ಅಂಟಿಸಿದರು. ಕಾರ್ಡು ರದ್ದಾದವರ ಹೆಸರು, ಎದುರಿಗೆ ಕಾರಣ. ಕುಲ್ಸುಮ್ ಬೀಯ ಎದುರಿಗೆ 'ಕಂಪನಿ ನಿರ್ದೇಶಕರು' ಎಂದಿತ್ತು. ಚೀಲ ಹಿಡಿದು ಸಾಲಿನಲ್ಲಿ ನಿಂತಿದ್ದವಳಿಗೆ ಅಂಗಡಿಯ ಚಿಕ್ಕೀರಪ್ಪ ಕೂಗಿ ಹೇಳಿದ: "ಏನ್ ಓನರಮ್ಮ, ಕಾರ್ ಎಲ್ ನಿಲ್ಸಿ ಬಂದ್ರಿ?" ಸಾಲು ನಕ್ಕಿತು. ಹೆಬ್ಬೆಟ್ಟು ಒತ್ತಿಸಿ ನೋಡಿದ ಮೇಲೆ ಅವನ ನಗುವೂ ನಿಂತಿತು. "ಇಲ್ಲ ಬೀ. ಮೆಷಿನ್ ತಗೊಳ್ತಿಲ್ಲ. ನನ್ ಕೈಯಾಗೆ ಏನೂ ಇಲ್ಲ."

ತಿಂಗಳಿಗೆ ಮೂವತ್ತೈದು ಕಿಲೋ ಬರುತ್ತಿತ್ತು. ಕಂಡಿಕೆ ಸುತ್ತಿದ ದುಡ್ಡು ಬಾಡಿಗೆಗೆ, ಎಣ್ಣೆ ಬೇಳೆಗೆ. ಹೊಟ್ಟೆ ತುಂಬುತ್ತಿದ್ದದ್ದು ಆ ಮೂವತ್ತೈದು ಕಿಲೋದಿಂದ.

ಮಾರನೇ ದಿನವೇ ಯರ್ರಮ್ಮ ಅವಳನ್ನು ಕರೆದುಕೊಂಡು ತಾಲ್ಲೂಕು ಕಚೇರಿಗೆ ಹೋದಳು. ಕಂಪನಿ ಬಿಟ್ಟ ದಾಖಲೆ ತಂದರೆ ಅರ್ಜಿ ಮೇಲಕ್ಕೆ ಕಳಿಸುತ್ತೇವೆ, ಆಗುತ್ತೋ ಇಲ್ಲವೋ ಹೇಳಲಾಗುವುದಿಲ್ಲ ಎಂದರು. ಅಲ್ಲಿಂದ ಇಬ್ಬರೂ ಚಳ್ಳಕೆರೆ ಬಸ್ಸು ಹತ್ತಿದರು. ಪುಕ್ಕಟೆ ಟಿಕೆಟಿಗೆ ಕಂಡಕ್ಟರು ಆಧಾರ್ ಕೇಳಿದ. ಕುಲ್ಸುಮ್ ಬೀ ಕಾರ್ಡನ್ನು ಎದೆಗೆ ಒತ್ತಿ ಹಿಡಿದುಕೊಂಡು ಕೇಳಿದಳು: "ಇದು ತೋರ್ಸಿದ್ರೆ ಏನೂ ಹೋಗಾಕಿಲ್ಲ ತಾನೇ ಅಪ್ಪಾ?" ತಮಾಷೆಯೆಂದು ಅವನು ನಕ್ಕ.

ಆಡಿಟರ್ ಮುರುಗೇಂದ್ರಪ್ಪ ಕೆಟ್ಟವನಲ್ಲ. ಇಬ್ಬರಿಗೂ ಚಹಾ ತರಿಸಿದ. "ಬಿಡಾಕೆ ಬರ್ತೈತಮ್ಮ. ಆದ್ರೆ ಇವರ ಜಾಗಕ್ಕೆ ಇನ್ನೊಬ್ಬರು ಬರ್ಬೇಕು. ನಾಲ್ಕೇ ಜನ ಉಳಿದ್ರೆ ಕಂಪ್ನಿ ನಡ್ಯಲ್ಲ."

"ಮುಂದಿನ ವರ್ಷ ನಂಬರ್ ಹೇಳ್ದೆ ಸುಮ್ನಿದ್ದು ಬಿಟ್ರೆ?" ಯರ್ರಮ್ಮ ಕೇಳಿದಳು.

"ಇವರ ಡೈರೆಕ್ಟರ್ ನಂಬರು ನಿದ್ದೆ ಹೋಗ್ತೈತೆ, ಹೆಸ್ರು ಕಂಪ್ನೀಲಿ ಅಲ್ಲೇ ಇರ್ತೈತೆ. ದಂಡ ಬ್ಯಾರೆ."

"ಕಂಪ್ನೀನೇ ಮುಚ್ಚಿದ್ರೆ?"

"ಅದಕ್ಕೂ ಐವರೂ ಒಪ್ಪಿ, ಮತ್ತೆ ಫೋನಿಗೆ ಬಂದ ನಂಬರ್ ಹೇಳ್ಬೇಕು. ತಾನು ಡೈರೆಕ್ಟರ್ ಅಂತ ಇನ್ನೊಂದ್ಸಲ ತೋರ್ಸದೆ ಹೊರಗೆ ಬರೋ ಹಂಗಿಲ್ಲ."

ಕುಲ್ಸುಮ್ ಬೀ ಚಹಾ ಮುಟ್ಟಿರಲಿಲ್ಲ. ಅದರ ಮೇಲೆ ಕೆನೆ ಕಟ್ಟಿತ್ತು.

ಹದಿನೈದು ದಿನ ಯರ್ರಮ್ಮ ಬೀದಿ ಬೀದಿ ತಿರುಗಿದಳು. ಉಳಿದ ಹೆಂಗಸರಲ್ಲಿ ಒಬ್ಬಳೂ ಐದನೆಯವಳಾಗಲು ಒಪ್ಪಲಿಲ್ಲ. ಸುಲೋಚನಮ್ಮನಂತೂ ಬಾಗಿಲಲ್ಲೇ ನಿಲ್ಲಿಸಿ ಹೇಳಿದಳು: "ಅವಳ ಅನ್ನ ಕಿತ್ಕೊಂಡಿದ್ದು ಸಾಲ್ದಾ ಯರ್ರಮ್ಮ, ನಮ್ದೂ ಬೇಕಾ?" ಗಂಡ ಮಾರುತೇಶ, "ಹೋಗ್ಲಿ ಬಿಡು, ನೀನೇನು ಬೇಕೂಂತ ಮಾಡಿದ್ಯಾ?" ಎಂದ. ಆ ಸಮಾಧಾನ ಅವಳಿಗೆ ಸುಲೋಚನಮ್ಮನ ಮಾತಿಗಿಂತ ಕಹಿಯಾಗಿತ್ತು.

ಕೊನೆಗೆ ಕಂಪನಿ ಮುಚ್ಚುವುದೆಂದು ತೀರ್ಮಾನಿಸಿದಳು. ಅರವತ್ತು ಸೀರೆ ಕಳಿಸಿ, ಬ್ಯಾಂಕಿನದು ತೀರಿಸಿ, ಉಳಿದ ಮೂವರನ್ನು ಒಪ್ಪಿಸಿ, ಅಕ್ಕಿಯ ಚೀಲವೊಂದನ್ನು ಆಟೋದಲ್ಲಿ ಹಾಕಿಸಿಕೊಂಡು ಕುಲ್ಸುಮ್ ಬೀಯ ಮನೆಗೆ ಹೋದಳು.

ಕುಲ್ಸುಮ್ ಬೀ ಅಕ್ಕಿ ಬೇಡವೆನ್ನಲಿಲ್ಲ. ಮಕ್ಕಳು ಮನೆಯಲ್ಲೇ ಇದ್ದವು. ಇರ್ಫಾನಾ ಚೀಲವನ್ನು ಒಳಗೆಳೆದುಕೊಂಡಳು.

"ಕುಲ್ಸುಮಕ್ಕ, ಇದೊಂದ್ಸಲ. ಪ್ರದೀಪ ಈಗ ಲೈನಲ್ಲವ್ನೆ. ನಂಬರ್ ಬಂದ್ರೆ ನೀನೇ ಓದು. ನಾನು ಮುಟ್ಟಾಕಿಲ್ಲ."

"ಹೋದ್ಸಲ ಅದ ಓದಿದ್ಕೆ ಅಕ್ಕಿ ಹೋಯ್ತು. ಈ ಸಲ ಓದಿದ್ರೆ ಏನ್ ಬರ್ತೈತೆ? ಕಾರ್ಡ್ ಬರ್ತೈತಾ?"

ಸುಳ್ಳು ಹೇಳಲು ಯರ್ರಮ್ಮನಿಗೆ ಬಾಯಿ ಬರಲಿಲ್ಲ. "ಗೊತ್ತಿಲ್ಲ."

"ಅವತ್ತು ಇದ್ನೇ ಹೇಳಿದ್ರೆ ಆಗ್ತಿತ್ತಲ್ಲ ತಂಗೀ, ಗೊತ್ತಿಲ್ಲ ಅಂತ."

"ತಪ್ಪಾಯ್ತು."

"ಸಿಮ್ಮು ಮುರ್ದು ಒಲೆಗೆ ಹಾಕಿದೀನಿ," ಎಂದಳು ಕುಲ್ಸುಮ್ ಬೀ. ದನಿಯಲ್ಲಿ ಸಿಟ್ಟಿರಲಿಲ್ಲ. "ಯಾರೋ ದಿನಾ ಫೋನ್ ಮಾಡಿ ಮೇಡಮ್ ಮೇಡಮ್, ನಿಮ್ ಕಂಪ್ನಿಗೆ ಸಾಲ ಬೇಕಾ ಅಂತಿದ್ರು. ಹೆದ್ರಿಕೆ ಆಯ್ತು."

ಫೋನಿನಲ್ಲಿದ್ದ ಪ್ರದೀಪ ಎಲ್ಲ ಕೇಳಿಸಿಕೊಂಡಿದ್ದ. "ಅಕ್ಕಾ, ಹಳೇ ನಂಬರ್ ಇಲ್ದಿದ್ರೆ ಹೊಸಾದು ಸೇರ್ಸ್ಬೇಕು. ಅವರು ಫೋಟೋ, ಕಾಗ್ದ, ಸಹಿ ಎಲ್ಲಾ ಕೊಡ್ಬೇಕು."

ಕುಲ್ಸುಮ್ ಬೀ ಅಷ್ಟರಲ್ಲಿ ಎದ್ದು ಒಳಗೆ ಹೋಗಿಯಾಗಿತ್ತು. ಇರ್ಫಾನಾ ಬಾಗಿಲಿಗೆ ಬಂದು, "ಅಮ್ಮಿ ಯಾವ ಕಾಗ್ದಕ್ಕೂ ಸಹಿ ಹಾಕಲ್ವಂತೆ. ಇನ್ಮ್ಯಾಲೆ ಬರ್ಬ್ಯಾಡ್ರಿ," ಎಂದಳು.

ಯರ್ರಮ್ಮ ಆಮೇಲೂ ಮೂರು ಸಲ ಹೋದಳು. ಬಾಗಿಲು ತೆರೆಯಲಿಲ್ಲ. ಕುಲ್ಸುಮ್ ಬೀ ಈಗ ರಾಯದುರ್ಗದ ಕಡೆಯ ವ್ಯಾಪಾರಿಯೊಬ್ಬನಿಗೆ ಅರ್ಧ ಕೂಲಿಗೆ ನೂಲು ಸುತ್ತುತ್ತಾಳೆ. ಇರ್ಫಾನಾ ದೊಡ್ಡ ಮಗನನ್ನು ಗಂಡನ ಮನೆಗೆ ಕಳಿಸಿಬಿಟ್ಟಳು, ಒಂದು ಬಾಯಿ ಕಡಿಮೆಯಾಗಲೆಂದು.

ಅರವತ್ತು ಸೀರೆಯಿಂದ ಖರ್ಚು ಕಳೆದು ಹೆಂಗಸರಿಗೆ ತಲಾ ಒಂದು ಸಾವಿರದ ನೂರು ಬಂತು. ಕಂಪನಿ ನಡೆಯುತ್ತಿಲ್ಲ, ಮುಚ್ಚಿಯೂ ಇಲ್ಲ. ಕುಲ್ಸುಮ್ ಬೀಗೆ ಕಾರ್ಡು ಹೋಯಿತು, ಮನೆಯಲ್ಲಿದ್ದ ಮೊಮ್ಮಗ ಹೋದ. ಯರ್ರಮ್ಮನಿಗೆ ಕುಲ್ಸುಮ್ ಬೀ ಹೋದಳು.