ಅರಳೆಯ ಕೋಣೆ

ಸತ್ತ ಅಣ್ಣನ ಕಿವಿಯಿಂದ ಬಸಣ್ಣ ಅರಳೆಯನ್ನು ಎಳೆದು ತೆಗೆಯುತ್ತಿದ್ದ. ಗೋಡೆಗೆ ಆನಿಸಿ ಕೂಡಿಸಿದ್ದ ಮುರುಗೆಪ್ಪನ ತಲೆ ಆ ಎಳೆತಕ್ಕೆ ಒಂದಿಷ್ಟು ವಾಲಿತು.

“ಭಜನಿ ಕಿವಿಗೆ ಬೀಳಬೇಕಲ್ಲ ವೈನಿ. ದಿನಾ ಇದನ್ನ ತುರಕೊಂಡ ಅಡ್ಡಾಡಿದ.”

ಅತ್ತಿಗೆ ಶಿವಬಸವ್ವ ವಾಲಿದ ತಲೆಯನ್ನು ನೆಟ್ಟಗೆ ಮಾಡಿದಳು. ನಿನ್ನೆ ಮುಂಜಾನೆ ಅರಿವೆ ಅಂಗಡಿಯ ಕೆಲಸಕ್ಕೆ ನಡೆದುಹೋದ ಗಂಡ, ಮಧ್ಯಾಹ್ನ ಟಾಂಗಾದಲ್ಲಿ ಹೆಣವಾಗಿ ಬಂದಿದ್ದ. ಎದೆ ಹಿಡಿದುಕೊಂಡು ಕುಸಿದನಂತೆ. ಅವಳಿಗಿನ್ನೂ ಅಳು ಬಂದಿರಲಿಲ್ಲ.

ಪಕ್ಕದ ಮನೆಯ ರತ್ನವ್ವ ಮೊಣಕೈಯಿಂದ ತಿವಿದಳು. “ಬಾಗಲದಾಗ ನೋಡs. ಹಾಸಿಗಿ ಹೊಲಿಯೋ ಮಾಶಾಬಿ. ಏನ್ ಎದಿಗಾರಿಕಿ ಅಂತೇನಿ.”

*

ಕನ್ನಡನಾಡು ಒಂದಾದ ವರ್ಷ ಅವರ ಮದುವೆ. ಮೊದಲ ತಿಂಗಳಲ್ಲೇ ಅದು ಶುರುವಾಯಿತು. ಅವಳು ಖಡಕ್ ರೊಟ್ಟಿ ಮುರಿದು ಬಾಯಿಗಿಟ್ಟರೆ ಸಾಕು, ಮುರುಗೆಪ್ಪನ ದವಡೆ ಬಿಗಿಯುತ್ತಿತ್ತು. ಉಣ್ಣುವುದನ್ನು ಅರ್ಧಕ್ಕೇ ಬಿಟ್ಟು ಗೋಡೆಯ ಗೂಟದಲ್ಲಿದ್ದ ಟೊಪ್ಪಿಗೆ ಹಾಕಿಕೊಳ್ಳುತ್ತಿದ್ದ.

“ಎಲ್ಲಿಗ್ರಿ?”

“ಹಳೇ ಹುಬ್ಬಳ್ಳಿಗೆ. ಬರತೇನಿ.”

ತಿರುಗಿ ಬಂದಾಗ ಅವನ ಕೋಟಿನ ತುಂಬ ಅರಳೆಯ ಎಳೆ. ವಿಧವೆ ಮಾಶಾಬಿಯ ಮನೆಯಿಂದ ಅವನು ಹೊರಬೀಳುವುದನ್ನು ರತ್ನವ್ವ ಒಮ್ಮೆ ಕಂಡು ಬಂದು ಹೇಳಿದ್ದಳು. ಅಂದಿನಿಂದ ಶಿವಬಸವ್ವ ಏನನ್ನೂ ಕೇಳಲಿಲ್ಲ. ಆ ಕೋಟನ್ನು ಝಾಡಿಸುವಾಗಲೆಲ್ಲ, ಯಾರದೋ ಹಾಸಿಗೆಯನ್ನೇ ತನ್ನ ಮನೆಯಲ್ಲಿ ಝಾಡಿಸಿದಂತೆ ಅವಳಿಗೆ ಅನ್ನಿಸುತ್ತಿತ್ತು.

*

ಮಾಶಾಬಿ ಒಳಗೆ ಬಂದು ದೂರದಲ್ಲೇ ಕುಳಿತಳು. ವಯಸ್ಸಾದವಳು. ರೆಪ್ಪೆಯ ಮೇಲೆಲ್ಲ ಅರಳೆಯ ಧೂಳು. ಇಷ್ಟು ಮುದುಕಿಯೆಂದು ಶಿವಬಸವ್ವನಿಗೆ ಗೊತ್ತಿರಲಿಲ್ಲ.

“ನನ್ನ ಗಂಡ ನಿಮ್ಮನಿಗೆ ಯಾಕ ಬರತಿದ್ರು? ಎಲ್ಲಾರ ಮುಂದ ಹೇಳ್ರಿ,” ಎಂದಳು.

ಸುತ್ತ ಕೂತಿದ್ದ ಹೆಂಗಸರು ಮಾಶಾಬಿಯ ಕಡೆ ತಿರುಗಿದರು.

“ಅರಳಿ ಖೋಲ್ಯಾಗ ಕುಂದರಾಕ, ಬೇಟಿ. ಸೂರಿನ ತನಾ ಅರಳಿ ಒಟ್ಟಿರತೇನಿ, ಒಳಗ ಸಪ್ಪಳ ಹೋಗಂಗಿಲ್ಲ. ಒಬ್ಬರೇ ಕಣ್ಣ ಮುಚ್ಚಿ ಕುಂತು ಹೋಗತಿದ್ರು.”

“ಮನ್ಯಾಗ ಕುಂದರಾಕ ಏನಾಗಿತ್ತು?”

ಮಾಶಾಬಿ ರೆಪ್ಪೆಯ ಧೂಳು ಒರೆಸಿಕೊಂಡಳು. “ಆಕಿ ರೊಟ್ಟಿ ಕಡಿಯೋ ಸಪ್ಪಳಕ್ಕ ನನ್ನ ತಲಿಯಾಗ ಕಡದಂಗ ಆಕ್ಕೈತಿ ಅಂತಿದ್ರು. ಹೊಡಿಯಾಕ ಕೈ ತಾನಾ ಮ್ಯಾಲ ಏಳತೈತಿ, ಆಕಿದೇನೂ ತಪ್ಪಿಲ್ಲ, ಕೈ ಏಳೂಕಿಂತ ಮೊದಲ ನಾನs ಎದ್ದು ಬರತೇನಿ ಅಂತ.”

“ನನ್ನ ಮುಂದ ಯಾಕ ಹೇಳಲಿಲ್ಲ?”

“ನಾನೂ ಕೇಳಿದ್ನಿ. ಹೇಳಿದ್ರ ಆಕಿ ಹೊಟ್ಟಿ ತುಂಬ ಉಣ್ಣೂದ ಬಿಡತಾಳ ಅಂದ್ರು.”

ರತ್ನವ್ವ ಸೆರಗಿನ ಅಂಚನ್ನು ತಿರುವುತ್ತ ಕುಳಿತಳು. ಹೊರಗೆ ಅಂಗಳದಲ್ಲಿ ಶವಯಾತ್ರೆಯ ಹಲಗೆವಾದ್ಯಕ್ಕೆ ಮೊದಲ ಪೆಟ್ಟು ಬಿತ್ತು. ಶಿವಬಸವ್ವ ಬೆಚ್ಚಿ ಎದ್ದಳು. ನೆಲದ ಮೇಲಿದ್ದ ಅರಳೆಯನ್ನು ಆರಿಸಿ, ಉಂಡೆ ಮಾಡಿ, ಗಂಡನ ಕಿವಿಗೆ ತಿರುಗಿ ಇಟ್ಟಳು.

“ಹೆಣಕ್ಕ ಏನ್ ಕೇಳತೈತಿ ವೈನಿ?” ಎಂದ ಬಸಣ್ಣ.

ಅವಳು ಎರಡನೆಯ ಕಿವಿಗೂ ಇಟ್ಟಳು.

ಮಣ್ಣು ಮಾಡಿ ಬಂದ ಮೇಲೆ, ಸಂಜೆ, ರತ್ನವ್ವ ರೊಟ್ಟಿ ಪಲ್ಯ ತಂದಿಟ್ಟು ಮಾತಿಲ್ಲದೆ ಹೋದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಶಿವಬಸವ್ವ ಖಡಕ್ ರೊಟ್ಟಿಯನ್ನು ಮುರಿದಳು. ಕಟಕ್ ಎಂದಿತು. ಅವಳ ಕಣ್ಣು ಗೂಟದ ಕಡೆಗೆ ಹೋಯಿತು. ಟೊಪ್ಪಿಗೆ ಅಲ್ಲೇ ಇತ್ತು. ರೊಟ್ಟಿಯ ಮೇಲೆ ಮಜ್ಜಿಗೆ ಸುರಿದು, ಅದು ಪೂರಾ ಮೆತ್ತಗಾಗುವ ತನಕ ಕೈ ಮಡಿಚಿಕೊಂಡು ಕಾಯುತ್ತ ಕುಳಿತಳು.