ಗೌರಮ್ಮನ ಎದೆಯ ಮೇಲಿನ ನಿದ್ದೆ

ಬಿಟಿಎಂ ಲೇಔಟಿನ ಆ ಸಣ್ಣ ಕಂಪನಿಯಲ್ಲಿ ಎಲ್ಲರೂ ಗೌರಮ್ಮನನ್ನು ಹೊಗಳುತ್ತಿದ್ದರು. ಅವಳ ಮುಖ ಕಂಡವರು ಯಾರೂ ಇರಲಿಲ್ಲ. ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಇಸ್ತ್ರಿ ಮಾಡುವ ಹೆಂಗಸರಿಗೆ ಕಂಪನಿಯವರು ತಾವು ತಯಾರಿಸಿದ, ಎದೆಬಡಿತ ದಾಖಲಿಸುವ ಪೆಟ್ಟಿಗೆಗಳನ್ನು ಪರೀಕ್ಷೆಗೆಂದು ಕಟ್ಟಿದ್ದರು. ಅವುಗಳಲ್ಲಿ ಗೌರಮ್ಮನದು ಅತಿ ಕಡಿಮೆ ಬ್ಯಾಟರಿ ತಿನ್ನುತ್ತಿತ್ತು. ಅಷ್ಟೇ ಅವಳ ಹೆಚ್ಚುಗಾರಿಕೆ.

"ಸಖತ್, ಮಧುಮತಿ. ಎಲ್ಲಾ ಪೀಸೂ ಹಿಂಗೇ ಬರ್ಬೇಕು," ಎಂದ ಮ್ಯಾನೇಜರ್ ವೆಂಕಟಾಚಲ.

ಮಧುಮತಿಗೆ ಆ ಹೊಗಳಿಕೆ ಹಿಡಿಸಲಿಲ್ಲ. ಪೆಟ್ಟಿಗೆಯನ್ನು ನಡೆಸುವ ಮೂಲ ತಂತ್ರಾಂಶವಾದ ಕರ್ನೆಲ್‌ನಲ್ಲಿ ವಿದ್ಯುತ್ ಉಳಿಸುವ ಭಾಗ ಬರೆದವಳು ಅವಳೇ. ಪ್ರೊಸೆಸರನ್ನು ಕೋಣೆಗಳಿರುವ ಮನೆಯಂತೆ ಪಾಲು ಮಾಡಿರುತ್ತಾರೆ. ಒಂದೊಂದು ಪಾಲಿಗೂ ಪವರ್ ಡೊಮೇನ್ ಎಂದು ಹೆಸರು. ಕೆಲಸವಿಲ್ಲದ ಡೊಮೇನಿನ ಕರೆಂಟನ್ನು ಕರ್ನೆಲ್ ತೆಗೆಯುತ್ತದೆ. ತೆಗೆದು ಮತ್ತೆ ಕೊಡುವುದಕ್ಕೂ ಖರ್ಚಿರುವುದರಿಂದ, ಹಿಂದಿನ ಬಿಡುವುಗಳನ್ನು ನೋಡಿ ಮುಂದಿನ ಕೆಲಸ ಯಾವಾಗ ಬಂದೀತು ಎಂದು ಮೊದಲು ಊಹಿಸುತ್ತದೆ. ಬಿಡುವು ಚಿಕ್ಕದಾದರೆ ತೂಕಡಿಕೆ, ದೊಡ್ಡದಾದರೆ ಪೂರ್ತಿ ಕತ್ತಲೆ. ಈ ಪೆಟ್ಟಿಗೆಗಿದ್ದ ಕೆಲಸ ಒಂದೇ, ಎದೆ ಬಡಿದಾಗ ಏಳುವುದು. ಗೌರಮ್ಮನ ಪೆಟ್ಟಿಗೆ ಮತ್ತೆ ಮತ್ತೆ ಪೂರ್ತಿ ಕತ್ತಲೆಯನ್ನೇ ಆರಿಸಿಕೊಳ್ಳುತ್ತಿತ್ತು. ಮುಂದಿನ ಬಡಿತ ಸದ್ಯಕ್ಕಿಲ್ಲ ಎಂದು ಅದು ನಂಬಿಬಿಟ್ಟಿತ್ತು.

ಬಡಿತ ಕಾಣದ ಹೊತ್ತನ್ನೆಲ್ಲ ವರದಿಯಲ್ಲಿ 'ವಿಶ್ರಾಂತಿ' ಎಂದು ಅಚ್ಚು ಮಾಡುತ್ತಿದ್ದರು. ಹಾಗೆ ಕರೆಯಬೇಕೆಂದು ತೀರ್ಮಾನಿಸಿದವರು ಎಸಿ ರೂಮಿನ ಮೀಟಿಂಗಿನಲ್ಲಿ ಕುಳಿತಿದ್ದವರು, ಹಬೆ ಕಾರುವ ಇಸ್ತ್ರಿಯ ಮುಂದೆ ದಿನವಿಡೀ ನಿಂತವರಲ್ಲ.

ಮರುದಿನ ಮಧುಮತಿ ಲ್ಯಾಪ್‌ಟಾಪ್ ಹಿಡಿದು ಊಟದ ಬಿಡುವಿಗೆ ಬೊಮ್ಮನಹಳ್ಳಿಗೆ ಹೋದಳು. ಗೌರಮ್ಮ ಮೆಟ್ಟಿಲ ಮೇಲೆ ಕೂತು ಡಬ್ಬಿಯ ಚಿತ್ರಾನ್ನ ತಿನ್ನುತ್ತಿದ್ದಳು. ಹುಳಿಮಾವಿನವಳು, ನಡುವಯಸ್ಸು, ಹಬೆಗೆ ಬೆಂದ ಮುಂಗೈ. ಎದೆ ಸರಿಯಿಲ್ಲ, ಕೂತು ಮಾಡುವ ಕೆಲಸ ಕೊಡಿ ಎಂದು ಅವಳು ಕೇಳಿ ತಿಂಗಳಾಗಿತ್ತು. ಮೇಲ್ವಿಚಾರಕಿ ಜಯಶೀಲಾ ಪೆಟ್ಟಿಗೆಯ ವರದಿ ಬರಲಿ ಎಂದಿದ್ದಳು. ಬಂತು. ನೀನು ಬೇರೆಯವರಿಗಿಂತ ಆರಾಮಾಗಿದ್ದೀಯ ಎಂದು ಸೋಮವಾರದಿಂದ ಟಾರ್ಗೆಟ್ ಏರಿಸುವವರಿದ್ದರು.

"ನಾನು ಮಲ್ಕೊಂಡಿದೀನಿ ಅಂತೈತಂತೆ ಮಿಷಿನ್ನು," ಎಂದಳು ಗೌರಮ್ಮ. "ನಿಂತ್ಕಂಡೇ ಮಲಗಕ್ಕೆ ನಾನೇನು ಕುದುರೆನಾ?"

ಮಧುಮತಿ ನಕ್ಕು, ರವಿಕೆಯಂಚಿನಲ್ಲಿದ್ದ ಪೆಟ್ಟಿಗೆ ಮುಟ್ಟಿದಳು. ನಗು ಅಲ್ಲೇ ನಿಂತಿತು. ಎಚ್ಚರವಿರುವ ಪೆಟ್ಟಿಗೆ ಉಗುರುಬೆಚ್ಚಗಿರುತ್ತದೆ. ಇದು ಬೆವರುವ ಮೈಗೆ ಅಂಟಿಕೊಂಡೂ ಸಿಮೆಂಟು ನೆಲದಷ್ಟು ತಣ್ಣಗಿತ್ತು.

ಪೆಟ್ಟಿಗೆಗೆ ಕೇಬಲ್ ಚುಚ್ಚಿದಳು. ಪರದೆಯ ಮೇಲೆ ಬಡಿತದ ಗೆರೆ ಉದ್ದಕ್ಕೆ ಮಲಗಿತ್ತು. ಇನ್ನೊಂದು ಕೈಯಲ್ಲಿ ಗೌರಮ್ಮನ ಮಣಿಕಟ್ಟು ಹಿಡಿದಿದ್ದಳು, ನಾಡಿ ಹೊಡೆಯುತ್ತಿತ್ತು. ಬೆರಳಡಿ ಹೆಂಗಸು ಬದುಕಿದ್ದಳು, ಪರದೆಯಲ್ಲಿ ಇರಲಿಲ್ಲ.

ತಪ್ಪು ಅಲ್ಲೇ ಸಿಕ್ಕಿತು. ಬಡಿತದ ಸುದ್ದಿ ತರುವ ತಂತಿ, ಕರೆಂಟು ತೆಗೆದ ಡೊಮೇನಿನ ಒಳಗೇ ಹಾದುಹೋಗಿತ್ತು. ಪೆಟ್ಟಿಗೆ ಮಲಗಿದಾಗ ಬಂದ ಬಡಿತ ಕೇಳುವುದಿಲ್ಲ. ಕೇಳದ್ದರಿಂದ ಯಾರೂ ಕರೆಯಲಿಲ್ಲವೆಂದು ಕರ್ನೆಲ್ ಬಗೆಯುತ್ತದೆ, ಆ ನಂಬಿಕೆಯಲ್ಲಿ ಇನ್ನೂ ಆಳಕ್ಕೆ ಮಲಗುತ್ತದೆ. ಈ ವಿದ್ಯೆಯನ್ನು ಆಡಳಿತ ಮಂಡಳಿಗಳಿಗೆ ಯಾವ ಕರ್ನೆಲ್ಲೂ ಕಲಿಸಬೇಕಾಗಿಲ್ಲ.

ಆಫೀಸಿನಲ್ಲಿ ಕಂಪನಿಯವರು ತಮ್ಮ ತಮ್ಮ ಗಟ್ಟಿ ಎದೆಗಳಿಗೆ ಕಟ್ಟಿ ಪರೀಕ್ಷಿಸಿದ್ದರು. ಅಲ್ಲಿ ಬಿಡುವು ಎಂದೂ ದೊಡ್ಡದಾಗಲಿಲ್ಲ, ಪೆಟ್ಟಿಗೆ ಎಂದೂ ಪೂರ್ತಿ ಮಲಗಲಿಲ್ಲ. ಹಾಗಾದರೆ ಇಲ್ಲಿ ಮೊದಲ ದೊಡ್ಡ ಬಿಡುವು ಎಲ್ಲಿಂದ ಬಂತು? ಮಧುಮತಿ ಪೆಟ್ಟಿಗೆ ಬಿಟ್ಟು ಗೌರಮ್ಮನ ಎದೆಯನ್ನೇ ನೋಡಿದಳು.

ವೆಂಕಟಾಚಲನಿಗೆ ಫೋನ್ ಮಾಡಿ, ಆ ಡೊಮೇನಿನ ಕರೆಂಟು ತೆಗೆಯಲೇಬಾರದು ಎಂದಳು.

"ಬ್ಯಾಟರಿ ಹತ್ತು ದಿನ ಬರುತ್ತೆ ಅಂತ ಡಬ್ಬದ ಮೇಲೆ ಪ್ರಿಂಟ್ ಆಗಿದೆ ಕಣಮ್ಮ. ಮುಟ್ಬೇಡ," ಎಂದ.

ಅವಳು ಮುಟ್ಟಿದಳು. ಡೊಮೇನ್ ಸದಾ ಎಚ್ಚರವಿರಲಿ ಎಂದು ಬರೆದು ಪೆಟ್ಟಿಗೆಗೆ ತುಂಬಿದಳು. ಅದು ನಿಧಾನಕ್ಕೆ ಬೆಚ್ಚಗಾಯಿತು. ಗೆರೆ ಎದ್ದಿತು, ಬಿದ್ದಿತು, ಎದ್ದಿತು.

"ನಂದೇನಾ ಇದು?" ಗೌರಮ್ಮ ಬಗ್ಗಿ ನೋಡಿದಳು. "ನಮ್ಮ ಹುಡುಗಿ ನೋಡಿದ್ರೆ ಏನಂತಿದ್ಲೋ..."

ಮಾತು ಅರ್ಧಕ್ಕೆ ನಿಂತಿತು. ಗೆರೆ ಮಲಗಿತು.

ಪೆಟ್ಟಿಗೆ ಬೆಚ್ಚಗೇ ಇತ್ತು. ಡೊಮೇನ್ ಎಚ್ಚರವಿತ್ತು. ಮಧುಮತಿ ಮಣಿಕಟ್ಟನ್ನು ಒತ್ತಿ ಹಿಡಿದಳು. ಬೆರಳಡಿ ಏನೂ ಇರಲಿಲ್ಲ. ಗೌರಮ್ಮನ ಕಣ್ಣುಗಳು ತೆರೆದೇ ಇದ್ದವು, ಮಧುಮತಿಯನ್ನೇ ನೋಡುತ್ತಿದ್ದವು, ಆದರೆ ಒಳಗಿನಿಂದ ನೋಡುವವರು ಯಾರೂ ಇರಲಿಲ್ಲ. ಬೆರಳ ಸಂದಿಯಿಂದ ಅನ್ನದ ಅಗುಳು ಜಾರಿತು. ಆಮೇಲೆ ಒಂದು ಬಡಿತ. ಇನ್ನೊಂದು.

"ಏನೋ ಹೇಳ್ತಿದ್ನಲ್ಲ," ಎಂದಳು ಗೌರಮ್ಮ, ಏನೂ ಆಗದವಳಂತೆ. "ದಿನಾ ಆಯ್ತದೆ ಕಣವ್ವಾ. ಹೋಯ್ತದೆ, ಬತ್ತದೆ."

ಬಾಗಿಲಿನಿಂದ ಜಯಶೀಲಾ ಕರೆದಳು, ಬಿಡುವು ಮುಗಿಯಿತು ಎಂದು. ಗೌರಮ್ಮ ಏಳಹೋದಳು. ಮಧುಮತಿ ಕೈ ಬಿಡಲಿಲ್ಲ.

"ಇವರು ಬರಲ್ಲ. ಆಸ್ಪತ್ರೆಗೆ ಹೋಗ್ತಿದಾರೆ."

"ನೀವ್ಯಾರ್ರೀ ಹೇಳಕ್ಕೆ? ಔಟ್‌ಪಾಸ್ ಎಲ್ಲಿದೆ?"

ಮಧುಮತಿ ಗೌರಮ್ಮನನ್ನು ಗೇಟು ದಾಟಿಸಿ ಆಟೊ ಹತ್ತಿಸಿದಳು. ಜಯನಗರದ ಹೃದ್ರೋಗ ಆಸ್ಪತ್ರೆಯ ಕಡೆ ಆಟೊ ಹೊರಟಿತು. ತೊಡೆಯ ಮೇಲೆ ಲ್ಯಾಪ್‌ಟಾಪ್, ಅದರಿಂದ ಗೌರಮ್ಮನ ಎದೆಗೆ ಕೇಬಲ್. ಗೆರೆ ಮಲಗಿದಾಗಲೆಲ್ಲ ಮಧುಮತಿ ಹೆಸರು ಹಿಡಿದು ಕೂಗುತ್ತಿದ್ದಳು. ಕೂಗಿದರೆ ಎದೆಗೆ ಕೇಳುತ್ತದೆಯೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ.

ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಆಟೊ ನಿಂತಿತು. ಗೆರೆಯೂ ಮಲಗಿತು.

"ಗೌರಮ್ಮಾ."

"ಇಲ್ಲೇ ಇದೀನಿ ಕಣವ್ವಾ," ಎಂದಳು ಗೌರಮ್ಮ.

ಪೆಟ್ಟಿಗೆ ಬೆಚ್ಚಗೇ ಇತ್ತು, ಬೆರಳಡಿ ನಾಡಿ ಇರಲಿಲ್ಲ. ಗೆರೆ ಇನ್ನೂ ಎದ್ದಿರಲಿಲ್ಲ.